ರೇಡಿಯೋ ನುಂಗಿದ ಇಲ್ಲ

ಹೋದ ವರ್ಷ ನಮ್ಮ ಬೀದಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಕ್ಷೌರದಂಗಡಿಯವನು ಕತ್ತರಿ ಆಡಿಸುತ್ತ ಕೇಳಿದ. ಔಷಧಿ ಅಂಗಡಿಯವರು ಮಾತ್ರೆಯ ಹಾಳೆ ಕತ್ತರಿಸುತ್ತ ಕೇಳಿದರು. ಎದುರು ಮನೆಯ ಅತ್ತೆ ಬಟ್ಟೆ ಒಣಹಾಕುತ್ತ ಮಹಡಿಯಿಂದಲೇ ಕೂಗಿ ಕೇಳಿದರು: "ಏನಂತೆ, ನಿಮ್ಮಕ್ಕ ಒತ್ತಡ ತಡ್ಕೊತಾಳಂತಾ?"

ತಡೆದುಕೊಳ್ಳುವುದು ಎಂದರೆ ಏನು ಎಂದು ಅವರಲ್ಲಿ ಯಾರೂ ಹೇಳಲಿಲ್ಲ. ಒತ್ತಡ ಎಲ್ಲಿಂದ ಬರುತ್ತಿದೆ ಎಂದು ಯಾರೂ ಕೇಳಲಿಲ್ಲ. ಒಬ್ಬರ ಬೆನ್ನಿಗೆ ಮೂಟೆ ಹೇರಿ, ಆ ಮೂಟೆಯ ಮೇಲೆ ತಾವೂ ಹತ್ತಿ ಕೂತು, "ಪಾಪ, ಭಾರ ಆಗ್ತಿದೆಯಾ?" ಎಂದು ವಿಚಾರಿಸಿದ ಹಾಗಿತ್ತು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಅಕ್ಕ ರೇಸ್ ಕಾರು ಓಡಿಸುತ್ತಾಳೆ. ಹಾಗೆಂದ ಕೂಡಲೇ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಅವಳ ಟೀಮು ಎಂದರೆ ಊರಾಚೆಯ ಓಟದ ಟ್ರ್ಯಾಕಿಗೆ ಅಂಟಿಕೊಂಡ ಒಂದು ತಗಡಿನ ಶೆಡ್ಡು, ಎರಡು ಕಾರು, ಬೆರಳೆಣಿಕೆಯ ಮೆಕ್ಯಾನಿಕ್ಕರು. ಯಜಮಾನರು ಬಣ್ಣದ ವ್ಯಾಪಾರಿ; ಕಾರಿನ ಎರಡೂ ಪಕ್ಕೆಗೆ ಅವರ ಬಣ್ಣದ ಡಬ್ಬದ ಚಿತ್ರ ಇದೆ. ನಮ್ಮ ಅಪ್ಪ ಶಾಲೆಯ ವ್ಯಾನು ಓಡಿಸುತ್ತಾರೆ. ಜೀವಮಾನದಲ್ಲಿ ಯಾರನ್ನೂ ಹಿಂದೆ ಹಾಕಿದವರಲ್ಲ. ಯಾರಾದರೂ ಹಾರ್ನ್ ಹೊಡೆದರೆ "ಹೋಗ್ಲಿ ಬಿಡು, ಅವನಿಗೆ ಅರ್ಜೆಂಟು" ಎಂದು ದಾರಿ ಬಿಡುತ್ತಾರೆ. ರಜೆಯ ದಿನ ಖಾಲಿ ಶಾಲೆಯ ಮೈದಾನದಲ್ಲಿ ಅಪ್ಪನ ಆ ವ್ಯಾನಿನಲ್ಲೇ ಅಕ್ಕ ಸ್ಟಿಯರಿಂಗ್ ಹಿಡಿದು ಕಲಿತಳು. ಅಷ್ಟು ತಾಳ್ಮೆಯ ಗುರುವಿಗೆ ಇಂಥ ಶಿಷ್ಯೆ ಹೇಗೆ ಸಿಕ್ಕಳೋ ಎಂದು ಅಮ್ಮ ಈಗಲೂ ಹೇಳುವುದುಂಟು. ಅಮ್ಮ ದರ್ಜಿ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆಯಂತ್ರ; ಶೆಡ್ಡಿನವರ ಬಟ್ಟೆಯೂ ಅಲ್ಲಿಗೇ ಬರುತ್ತದೆ.

ಶೆಡ್ಡಿಗೆ ಹೋದಾಗ ಅಕ್ಕ ಅಲ್ಲಿ ಎಲ್ಲರಿಗಿಂತ ಚಿಕ್ಕವಳು. "ಮರಿ" ಎಂದು ಹೆಸರಿಟ್ಟರು. ಹೆಸರು ಅಂಟಿಕೊಂಡಿತು. ಎರಡನೆಯ ಕಾರು ಅವಳದು. ಮೊದಲನೆಯ ಕಾರು ದೊಡ್ಡಣ್ಣನದು. ದೊಡ್ಡಣ್ಣ ಎಂದರೆ ನಮ್ಮ ಮನೆಯವನಲ್ಲ, ಟೀಮಿನ ಹಳೆಯ ಚಾಲಕ. ಶೆಡ್ಡಿನಲ್ಲಿ ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು.

ಇನ್ನು ಆ ರೇಡಿಯೋದ ವಿಷಯ ಹೇಳಬೇಕು, ಏಕೆಂದರೆ ಎಲ್ಲ ಗೋಳಿಗೂ ಅದೇ ಮೂಲ. ಓಟದ ನಡುವೆ ಚಾಲಕರು ಹೆಲ್ಮೆಟ್ಟಿನೊಳಗಿನ ಮೈಕಿನಲ್ಲಿ ಶೆಡ್ಡಿನೊಂದಿಗೆ ಮಾತಾಡುತ್ತಾರೆ. ಶೆಡ್ಡಿನಲ್ಲಿ ಆ ಮಾತು ಕೇಳಿ ಉತ್ತರ ಕೊಡುವವರು ಮೇಷ್ಟ್ರು. ಹಿಂದೆ ಎಲ್ಲೋ ಮೆಕ್ಯಾನಿಕ್ ಪಾಠ ಹೇಳುತ್ತಿದ್ದುದರಿಂದ ಆ ಹೆಸರು. ನಮ್ಮ ಟೀಮಿನ ರೇಡಿಯೋ ಸೆಕೆಂಡ್ ಹ್ಯಾಂಡಿನದು. ಮಾತಾಡುವವರ ದನಿ ಒಂದಿಷ್ಟು ಇಳಿದರೆ ಸಾಕು, ಮಾತು ಮುಗಿಯಿತೆಂದು ತಿಳಿದು ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ. ನಾವು ಮಾತಾಡುವಾಗ ದನಿ ಇಳಿಯುವುದು ವಾಕ್ಯದ ಕೊನೆಯಲ್ಲಿ. ನಮ್ಮ ಮಾತಿನಲ್ಲಿ ಇಲ್ಲ, ಬೇಡ, ಅಲ್ಲ ಎಲ್ಲ ಬಂದು ಕೂರುವುದೂ ಅಲ್ಲೇ. "ಎಂಜಿನ್ ಬಿಸಿಯಾಗಿಲ್ಲ" ಎಂದರೆ ಶೆಡ್ಡಿಗೆ ಬರುವುದು "ಎಂಜಿನ್ ಬಿಸಿಯಾಗಿ" ಎಂಬಷ್ಟೇ. ಮಿಕ್ಕದ್ದನ್ನು ರೇಡಿಯೋ ನುಂಗಿಬಿಡುತ್ತದೆ.

ದೊಡ್ಡಣ್ಣ ಇದಕ್ಕೊಂದು ಉಪಾಯ ಕಂಡುಕೊಂಡಿದ್ದ. ಇಲ್ಲ ಎನ್ನುವುದನ್ನು ಮೊದಲೇ ಹೇಳುತ್ತಿದ್ದ. "ಇಲ್ಲ, ಎಂಜಿನ್ ಬಿಸಿಯಾಗಿಲ್ಲ." "ಬೇಡ, ಈ ಸುತ್ತಲ್ಲಿ ಬರೋದು ಬೇಡ." ಅಕ್ಕನಿಗೂ ಕಲಿಸಿದವನು ಅವನೇ. "ನೋಡು ಮರಿ, ಇಲ್ಲ ಅನ್ನೋದನ್ನ ಮೊದಲು ಎಸೆದುಬಿಡು, ಮಿಕ್ಕಿದ್ದು ಆಮೇಲೆ" ಎಂದಿದ್ದ. ಆದರೆ ಎರಡನೆಯ ಕಾರಿನವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. "ಆಯ್ತು" ಎಂದರೆ ಅವಳ ಕೆಲಸ ಮುಗಿಯುತ್ತಿತ್ತು.

ಹೀಗಿರುವಾಗ ವರ್ಷದ ನಡುವೆಯೇ ದೊಡ್ಡಣ್ಣ ಹೊರಟುಹೋದ. ಓಟಗಳನ್ನು ಮೊಬೈಲಿನಲ್ಲಿ ನೇರ ಪ್ರಸಾರ ಮಾಡುವವರು ಅವನನ್ನು ವೀಕ್ಷಕ ವಿವರಣೆಗೆ ಕರೆದುಕೊಂಡರು. ಬೆವರಿಲ್ಲ, ಪೆಟ್ಟಿಲ್ಲ, ಕೋಟು ಹಾಕಿಕೊಂಡು ಗಾಜಿನ ಕೋಣೆಯಲ್ಲಿ ಕೂತು ಮಾತಾಡುವ ಕೆಲಸ. ಹೋಗಲಿ, ಅದು ಅವನ ಇಷ್ಟ. ಮೊದಲನೆಯ ಕಾರು ಅಕ್ಕನಿಗೆ ಬಂತು. ಅವಳ ಹಳೆಯ ಕಾರಿಗೆ ಒಬ್ಬ ಹೊಸ ಹುಡುಗ ಬಂದ. ಅವನು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಮೊದಲ ವಾರವೇ "ಗಿಣಿ" ಎಂಬ ಹೆಸರು ಬಿತ್ತು.

ಕಾರಿನ ಜೊತೆ, ದೊಡ್ಡಣ್ಣ ಓಟಕ್ಕೆ ತೊಡುತ್ತಿದ್ದ ಕತ್ತಿನಿಂದ ಕಾಲಿನವರೆಗಿನ ಮೇಲುಡುಗೆಯೂ ಅಕ್ಕನ ಪಾಲಿಗೆ ಬಂತು. ಹೊಸದು ಹೊಲಿಸುವ ಮಾತನ್ನು ಯಜಮಾನರು ಎತ್ತಲಿಲ್ಲ. ಅಮ್ಮ ಅದರ ತೋಳು ಬಿಚ್ಚಿ, ಸೊಂಟ ಹಿಡಿದು, ಎದೆಯ ಮೇಲೆ ದಾರದಲ್ಲಿ ಹೊಲಿದಿದ್ದ ಅವನ ಹೆಸರನ್ನು ಬ್ಲೇಡಿನಿಂದ ಕಿತ್ತಳು. ದಾರ ಹೋಯಿತು, ಸೂಜಿಯ ತೂತುಗಳು ಹೋಗಲಿಲ್ಲ. ಬೆಳಕಿಗೆ ಹಿಡಿದರೆ ಹೆಸರನ್ನು ಈಗಲೂ ಓದಬಹುದು.

ಮುಂದಾಳಾಗಿ ಅಕ್ಕ ಓಡಿಸಿದ ಮೊದಲ ಓಟದಲ್ಲೇ ಎಡವಟ್ಟಾಯಿತು. ಟೈರು ಬದಲಿಸಲು ಒಳಗೆ ಬರುತ್ತೀಯಾ ಎಂದು ಮೇಷ್ಟ್ರು ಕೇಳಿದರು. ಮನೆಯಲ್ಲಿ ಮಾತಾಡುವ ಹಾಗೆ ಅವಳು ಅಂದಳು: "ಈಗ ಟೈರ್ ಬದಲಾಯಿಸೋದು ಬೇಡ." ಶೆಡ್ಡಿಗೆ ಬಂದದ್ದು "ಈಗ ಟೈರ್ ಬದಲಾಯಿಸೋದು." ಮೆಕ್ಯಾನಿಕ್ಕರೆಲ್ಲ ಟೈರು ಹೊತ್ತು ಓಡಿಬಂದು, ಟ್ರ್ಯಾಕಿನಿಂದ ಶೆಡ್ಡಿಗೆ ಬರುವ ಒಳದಾರಿಯಲ್ಲಿ ಮಂಡಿಯೂರಿ ಕೂತರು. ಅಕ್ಕ ಅವರ ಮುಂದೆಯೇ ಬುರ್ರೆಂದು ಹೊರಟುಹೋದಳು. ಟೈರು ತಬ್ಬಿಕೊಂಡು ಕೂತ ನಾಲ್ಕು ಗಂಡಸರ ಚಿತ್ರ ಆ ಸಂಜೆ ಎಲ್ಲರ ಮೊಬೈಲಿನಲ್ಲಿತ್ತು. ಕೆಳಗೆ ಬರೆದಿದ್ದರು: ಒತ್ತಡದಲ್ಲಿ ಹುಡುಗಿಗೆ ತಾನು ಏನು ಹೇಳಿದೆ ಎಂಬುದೇ ಗೊತ್ತಿಲ್ಲ.

ಅಕ್ಕ ಯಾರನ್ನೂ ದೂರಲಿಲ್ಲ. "ತಪ್ಪು ನಂದೇ, ದೊಡ್ಡಣ್ಣ ಹೇಳಿಕೊಟ್ಟಿದ್ರು, ಮರೆತೆ" ಎಂದಳು. ಆಮೇಲೆ ಅಭ್ಯಾಸ ಶುರುವಾಯಿತು. ಮನೆಯಲ್ಲೂ ಬಿಡಲಿಲ್ಲ. ಊಟಕ್ಕೆ ಕೂತರೆ "ಬೇಡ, ಇನ್ನು ಬಡಿಸೋದು ಬೇಡ." ಅಪ್ಪ ಬೀಗದಕೈ ಹುಡುಕಿದರೆ "ಇಲ್ಲ, ನಾನು ತಗೊಂಡಿಲ್ಲ."

"ಮನೇಲಿ ರೇಡಿಯೋ ಇಲ್ಲ ಕಣೇ, ನೆಟ್ಟಗೆ ಮಾತಾಡು" ಎಂದು ಅಮ್ಮ ಗದರಿದಳು.

"ಇಲ್ಲ ಅಮ್ಮಾ, ನೆಟ್ಟಗೆ ಮಾತಾಡಿದ್ರೆ ಅಲ್ಲಿ ಮರೆತುಹೋಗುತ್ತೆ."

"ನೋಡಿ, ಮತ್ತೆ ಇಲ್ಲ ಅಂತಲೇ ಶುರು ಮಾಡಿದ್ಲು" ಎಂದು ಅಪ್ಪ ನಕ್ಕರು.

ಮುಂದಿನ ಓಟದಲ್ಲಿ ಒಂದು ತಪ್ಪೂ ಆಗಲಿಲ್ಲ. ಶೆಡ್ಡಿಗೆ ಪ್ರತಿ ಮಾತೂ ಸ್ಪಷ್ಟವಾಗಿ ಹೋಯಿತು. ಅಕ್ಕ ಮೂರನೆಯವಳಾಗಿ ಬಂದಳು. ಆ ಹಳೆಯ ಕಾರಿಗೆ ಅದು ದೊಡ್ಡದೇ. ಆದರೆ ಪ್ರಸಾರದವರು ಆವತ್ತಿನಿಂದ ಹೊಸದೊಂದು ಶುರು ಮಾಡಿದ್ದರು. ಚಾಲಕರ ರೇಡಿಯೋ ಮಾತನ್ನು ಜನರಿಗೂ ಕೇಳಿಸುವುದು. ಜನರಿಗೆ ಕೇಳಿಸಿದ್ದು ಇದು: "ಇಲ್ಲ, ಟೈರ್ ಸವೆದಿ... ಬೇಡ, ಈಗ... ಇಲ್ಲ." ಅದರ ಮೇಲೆ ದೊಡ್ಡಣ್ಣನ ದನಿ: "ಕೇಳ್ತಿದ್ದೀರಲ್ಲ? ಏನು ಕೇಳಿದ್ರೂ ಇಲ್ಲ, ಬೇಡ. ಇದು ಒತ್ತಡದ ಲಕ್ಷಣ. ಪ್ರತಿಭೆ ಇದೆ, ಆದ್ರೆ ಟೀಮನ್ನ ಮುನ್ನಡೆಸೋಕೆ ಮನಸ್ಸು ಗಟ್ಟಿಯಾಗಿರಬೇಕು."

ಅವನಿಗೆ ಗೊತ್ತಿರಲಿಲ್ಲವೇ? ಆ ಇಲ್ಲವನ್ನು ಮೊದಲು ಎಸೆದವನೇ ಅವನು! ವರ್ಷಗಟ್ಟಲೆ ಅದೇ ರೇಡಿಯೋದಲ್ಲಿ ಅದೇ ಮಾತನ್ನು ಅದೇ ರೀತಿ ಆಡಿದವನು. ಅವನು ಇಲ್ಲ ಎಂದಾಗ ಅದು ಅನುಭವ. ಅಕ್ಕ ಇಲ್ಲ ಎಂದಾಗ ಅದು ಲಕ್ಷಣ. ಯಾರೋ ಅಕ್ಕನ ಇಲ್ಲಗಳನ್ನೆಲ್ಲ ಒಂದರ ಹಿಂದೆ ಒಂದು ಅಂಟಿಸಿ, ಹಿನ್ನೆಲೆಗೆ ಡೋಲು ಸೇರಿಸಿ ಹರಿಬಿಟ್ಟರು. ನಮ್ಮ ಬೀದಿಯ ಮಕ್ಕಳು ಸೈಕಲ್ ತುಳಿಯುತ್ತ "ಇಲ್ಲ ಬೇಡ ಇಲ್ಲ ಬೇಡ" ಎಂದು ಹಾಡಿಕೊಂಡು ಹೋದರು. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ದೊಡ್ಡವರು "ಪಾಪ, ಹುಡುಗಿ" ಎಂದಾಗ ಮೈ ಉರಿಯುತ್ತಿತ್ತು.

ಕೊನೆಯ ಓಟದ ಹಿಂದಿನ ದಿನ ಯಜಮಾನರು ಶೆಡ್ಡಿಗೆ ಬಂದರು. ಅಮ್ಮ ಮೇಲುಡುಗೆಯ ಭುಜದ ಹೊಲಿಗೆ ಸರಿಮಾಡಲು ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದಳು. ಯಜಮಾನರು ಕುರ್ಚಿಯ ಮೇಲಿದ್ದ ಸ್ಪ್ಯಾನರು ಸರಿಸಿ, ಕರವಸ್ತ್ರ ಹಾಸಿ ಕೂತರು.

"ನೋಡಮ್ಮ ಮರಿ, ಕಾರಿನ ಮೇಲೆ ನನ್ನ ಬಣ್ಣದ ಡಬ್ಬ ಇದೆ. ಆ ಡಬ್ಬ ಕಂಡಾಗೆಲ್ಲ ಜನಕ್ಕೆ ಇಲ್ಲ, ಬೇಡ ಅಂತ ಕೇಳಿಸಿದ್ರೆ ಬಣ್ಣ ಯಾರು ತಗೊಳ್ತಾರೆ?"

"ಸರ್, ರೇಡಿಯೋ ಕೊನೇ ಮಾತು ನುಂಗುತ್ತೆ. ಅದಕ್ಕೇ ಹಾಗೆ..."

"ಗೊತ್ತು, ಮೇಷ್ಟ್ರು ಹೇಳಿದ್ರು. ಆದ್ರೂ ಇಲ್ಲ ಅನ್ನೋದು ಕೊನೇಲಿ ಬಂದ್ರೆ ಕೇಳೋಕೆ ಮೆತ್ತಗಿರುತ್ತೆ."

"ಕೊನೇಲಿ ಬಂದ್ರೆ ಕೇಳೋದೇ ಇಲ್ವಲ್ಲ ಸರ್!"

"ಅದೇ ಹೇಳ್ತಿರೋದು" ಎಂದರು ಯಜಮಾನರು.

ಒಬ್ಬ ಮೆಕ್ಯಾನಿಕ್ ನಗು ತಡೆಯಲಾಗದೆ ಕಾರಿನ ಕೆಳಗೆ ನುಸುಳಿದ. ಅಕ್ಕ ಹೊಸ ರೇಡಿಯೋ ಕೇಳಿದಳು. ಅದೆಲ್ಲ ಮುಂದಿನ ವರ್ಷ ನೋಡೋಣ ಎಂದರು. ಆಮೇಲೆ ಎದ್ದು ನಿಂತು ಸೇರಿಸಿದರು: "ಮುಂದಿನ ವರ್ಷ ಮೊದಲನೇ ಕಾರು ಯಾರಿಗೆ ಅನ್ನೋದನ್ನ ನಾಳೆ ಓಟ ಆದ್ಮೇಲೆ ತೀರ್ಮಾನ ಮಾಡ್ತೀನಿ. ಒತ್ತಡದಲ್ಲೂ ನಗ್ತಾ ಮಾತಾಡೋರು ಬೇಕು ನಂಗೆ. ನಾಳೆ ಇಬ್ರೂ ಮನುಷ್ಯರ ಥರ ಮಾತಾಡಿ. ಇಲ್ಲ ಅಂತ ಶುರು ಮಾಡ್ಬಾರ್ದು."

ಅಕ್ಕ ಅವರು ಸರಿಸಿದ್ದ ಸ್ಪ್ಯಾನರನ್ನು ಎತ್ತಿ ಅದರ ಜಾಗಕ್ಕೆ ಇಟ್ಟಳು. ಗಿಣಿ ಎಂದಿನಂತೆ "ಆಯ್ತು ಸರ್, ಖಂಡಿತ ಸರ್, ನೀವು ಹೇಳಿದ ಹಾಗೇ ಸರ್" ಎಂದ.

ಕೊನೆಯ ಓಟದ ದಿನ ಅಮ್ಮನೂ ನಾನೂ ಶೆಡ್ಡಿನ ಹಿಂಬದಿಯ ತಂತಿ ಬೇಲಿಗೆ ಆತು ನಿಂತಿದ್ದೆವು. ಒಳಗಿನ ಸ್ಪೀಕರ್ ಅಲ್ಲಿಗೂ ಕೇಳಿಸುತ್ತಿತ್ತು. ಅರ್ಧ ಓಟ ಮುಗಿಯುವ ಹೊತ್ತಿಗೆ ಅಕ್ಕ ಎರಡನೆಯವಳಾಗಿದ್ದಳು, ಅವಳ ಹಿಂದೆಯೇ ಗಿಣಿ. ಯಜಮಾನರು ಸಂಭ್ರಮದಿಂದ ಮೇಷ್ಟ್ರ ಬೆನ್ನು ತಟ್ಟುತ್ತಿದ್ದರು. ಆಗ ಸ್ಪೀಕರಿನಲ್ಲಿ ಗಿಣಿಯ ದನಿ ಬಂತು: "ಮೇಷ್ಟ್ರೇ, ಬ್ರೇಕ್ ಮೊದಲಿನ ಹಾಗೆ ಹಿಡೀತಾ..."

"ನೋಡಿ, ಎಷ್ಟು ಚೆನ್ನಾಗಿ ಮಾತಾಡ್ತಾನೆ! ಬ್ರೇಕ್ ಮೊದಲಿನ ಹಾಗೇ ಹಿಡೀತಾ ಇದೆಯಂತೆ" ಎಂದರು ಯಜಮಾನರು.

ಮೇಷ್ಟ್ರು ಅರೆಗಳಿಗೆ ತಡೆದು, "ಆಯ್ತು ಗಿಣಿ, ಹಾಗೇ ಹೋಗು" ಎಂದರು.

ಎಲ್ಲರ ಮಾತೂ ಒಂದೇ ಸಾಲಿನಲ್ಲಿ ಹೋಗುವ ರೇಡಿಯೋ ಅದು. ಹಾಗಾಗಿ ಅಕ್ಕನಿಗೂ ಕೇಳಿಸಿತ್ತು. ಸ್ಪೀಕರ್ ಥಟ್ಟನೆ ಕಿರುಚಿತು: "ಇಲ್ಲ! ಹಿಡೀತಾ ಇಲ್ಲ ಅಂದಿದ್ದಾನೆ ಅವನು. ಬ್ರೇಕ್ ಚೆನ್ನಾಗಿದ್ರೆ ಯಾರಾದ್ರೂ ಕೇಳದೇ ಹೇಳ್ತಾರಾ? ಒಳಗೆ ಕರೀರಿ!"

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಅವರು ಬಾಯಿ ತೆರೆಯುವ ಮೊದಲೇ ಯಜಮಾನರು ಮೈಕು ಕಿತ್ತುಕೊಂಡರು. "ಮರಿ, ನೀನು ನಿನ್ನ ಕೆಲಸ ನೋಡ್ಕೋ. ಗಿಣಿ, ನೀನು ಹಾಗೇ ಹೋಗು."

"ಇಲ್ಲ. ಇದೇ ನನ್ನ ಕೆಲಸ."

ಅಷ್ಟು ಹೇಳಿ ಅಕ್ಕ ಕಾರನ್ನು ನಿಧಾನ ಮಾಡಿದಳು. ಬ್ರೇಕಿನ ಭಯಕ್ಕೆ ಗಿಣಿ ಆಗಲೇ ಹಿಂದೆ ಬಿದ್ದಿದ್ದ, ನಡುವಿನ ಕಾರುಗಳೆಲ್ಲ ಅವಳನ್ನು ದಾಟಿಕೊಂಡು ಹೋದವು. ಜನ ಹೋ ಎಂದರು. ಗಿಣಿ ಪಕ್ಕಕ್ಕೆ ಬರುವವರೆಗೆ ಕಾದು, ಅವನಿಗೆ ಸರಿಸಮ ಓಡಿಸುತ್ತ, ಕೈ ಹೊರಗೆ ಹಾಕಿ ಶೆಡ್ಡುಗಳ ಕಡೆಯ ಒಳದಾರಿಯನ್ನು ತೋರಿಸಿದಳು. ಆ ಒಳದಾರಿಯಾಚೆ ಇರುವುದು ಗೋಡೆಗೆ ಮೈಯೊಡ್ಡಿದ ಕಡಿದಾದ ತಿರುವು. ಯಾರ ಮಾತು ಕೇಳಬೇಕೆಂದು ತಿಳಿಯದೆ ಕೈಕಾಲು ಬಿಟ್ಟಿದ್ದೆ ಎಂದು ಗಿಣಿ ಆಮೇಲೆ ಹೇಳಿದ. ರೇಡಿಯೋದ ಮಾತು ಬಿಟ್ಟು ಅವನು ಆ ಕೈಯನ್ನು ನಂಬಿದ.

ಒಳದಾರಿಗೆ ಬಂದ ಗಿಣಿಯ ಕಾರು ಶೆಡ್ಡಿನ ಮುಂದೆ ನಿಲ್ಲಲಿಲ್ಲ. ಅವನು ಗೇರು ಇಳಿಸುತ್ತ ಬಂದಿದ್ದ. ಆದರೂ ಅದು ಉರುಳುತ್ತಲೇ ಹೋಯಿತು. ಮೆಕ್ಯಾನಿಕ್ಕರು ಓಡಿ ಹಿಂದಿನ ರೆಕ್ಕೆಗೆ ಜೋತುಬಿದ್ದರು. ಕೊನೆಗೆ ಹಳೆಯ ಟೈರಿನ ರಾಶಿಗೆ ಮೂತಿ ತಗುಲಿಸಿಕೊಂಡು ಅದು ನಿಂತಿತು. ಮುಂದಿನ ಚಕ್ರದಿಂದ ಬ್ರೇಕಿನ ಎಣ್ಣೆ ತೊಟ್ಟಿಕ್ಕುತ್ತಿತ್ತು, ಪೈಪು ಬಿರಿದಿತ್ತು. ಗಿಣಿ ಇಳಿದು ಹೆಲ್ಮೆಟ್ ತೆಗೆದ. ಬಾಯಿ ತೆರೆದಿತ್ತು, ಮಾತಿರಲಿಲ್ಲ. ಅವನು ಸುಮ್ಮನಿದ್ದದ್ದನ್ನು ಶೆಡ್ಡಿನವರು ಮೊದಲ ಬಾರಿ ನೋಡಿದರು. ಅಕ್ಕನೂ ಹಿಂದೆಯೇ ಬಂದು ಕಾರು ನಿಲ್ಲಿಸಿ, ಮೇಷ್ಟ್ರಿಗೆ ತನ್ನ ಪೈಪನ್ನೂ ನೋಡಲು ಹೇಳಿದಳು. ಅದು ಸರಿಯಾಗಿಯೇ ಇತ್ತು.

ಆ ಹೊತ್ತಿಗೆ ಪಕ್ಕದವರೊಬ್ಬರ ಮೊಬೈಲಿನಲ್ಲಿ ದೊಡ್ಡಣ್ಣ ಹೇಳುತ್ತಿದ್ದ: "ಎರಡನೇ ಸ್ಥಾನದಲ್ಲಿದ್ದವಳು ಕೈಚೆಲ್ಲಿಬಿಟ್ಟಳು! ನಾನು ಮೊದಲೇ ಹೇಳಿದ್ದೆ."

ಅಮ್ಮ ಸೂಜಿಯ ಡಬ್ಬಿಯನ್ನು ನನ್ನ ಕೈಗೆ ತುರುಕಿ ಹೊರಟಳು. ಅವಳನ್ನು ತಡೆಯುವ ಧೈರ್ಯ ನನಗಿರಲಿಲ್ಲ, ಹಿಂದೆಯೇ ಹೋದೆ. ಓಟ ಮುಗಿದು ದೊಡ್ಡಣ್ಣ ಟೀ ಕುಡಿಯಲು ಕೆಳಗಿಳಿದು ಬರುವವರೆಗೂ ಅಮ್ಮ ಆ ಗಾಜಿನ ಕೋಣೆಯ ಮೆಟ್ಟಿಲ ಬುಡದಲ್ಲೇ ನಿಂತಿದ್ದಳು.

"ಏನಪ್ಪಾ ದೊಡ್ಡಣ್ಣ, ಚೆನ್ನಾಗಿದ್ದೀಯಾ?"

"ಓ, ಅಮ್ಮಾ! ಬೇಜಾರು ಮಾಡ್ಕೋಬೇಡಿ. ಮಗಳಿಗೆ ಇನ್ನೂ ಚಿಕ್ಕ ವಯಸ್ಸು. ಒತ್ತಡ ಅನ್ನೋದು..."

"ಒತ್ತಡ ಆಮೇಲೆ. ರೇಡಿಯೋದಲ್ಲಿ ಇಲ್ಲ ಅಂತ ಮೊದಲು ಹೇಳ್ಬೇಕು ಅಂತ ನನ್ನ ಮಗಳಿಗೆ ಕಲಿಸಿದ್ದು ಯಾರು?"

ಟೀ ಲೋಟ ಅವನ ತುಟಿಯ ಹತ್ತಿರವೇ ನಿಂತಿತು. "ಅದು ಶೆಡ್ಡಿನ ಪದ್ಧತಿ ಅಲ್ವಾ ಅಮ್ಮಾ."

"ಪದ್ಧತಿ ಅಂತ ಮೈಕಲ್ಲಿ ಯಾಕೆ ಹೇಳ್ಲಿಲ್ಲ?"

"ಪ್ರಸಾರದಲ್ಲಿ ಅಂಥ ಸಣ್ಣ ವಿಷಯಕ್ಕೆಲ್ಲ ಪುರುಸೊತ್ತು ಇರಲ್ಲ. ಜನಕ್ಕೆ ಕಥೆ ಬೇಕು."

"ಕಥೆ ಬೇಕಾದ್ರೆ ನಿಂದು ಹೇಳು. ವರ್ಷ ವರ್ಷ ನಿನ್ನ ಪ್ಯಾಂಟಿನ ಸೊಂಟ ಬಿಡಿಸಿ ಹೊಲಿದವಳು ನಾನು. ಆ ಮೈಕು ಇತ್ತ ಕೊಡು, ಎಷ್ಟೆಷ್ಟು ಬಿಡಿಸಿದೆ ಅಂತ ನಾನೇ ಹೇಳ್ತೀನಿ, ಕೇಳ್ಲಿ ಜನ!"

ಟೀ ಹಾಕುತ್ತಿದ್ದವನು ಗೊಳ್ಳೆಂದು ನಕ್ಕ. ದೊಡ್ಡಣ್ಣನೂ ನಗಲು ನೋಡಿದ, ಆಗಲಿಲ್ಲ. "ಮುಂದಿನ ಸಲ ಹೇಳ್ತೀನಿ ಅಮ್ಮಾ" ಎಂದ. ಹೇಳಿದನೋ ಇಲ್ಲವೋ, ಆಮೇಲೆ ನಾವು ಅವನ ಪ್ರಸಾರ ಕೇಳಿಲ್ಲ.

ನಾವು ಶೆಡ್ಡಿಗೆ ಮರಳಿದಾಗ ತೀರ್ಮಾನ ನಡೆಯುತ್ತಿತ್ತು. ಯಜಮಾನರ ದನಿ ಏರಿತ್ತು.

"ಗಿಣಿ ಕಾರಿನ ವಿಷಯ ಸರಿ. ನಿನ್ನ ಕಾರಿಗೆ ಏನಾಗಿತ್ತು? ನೀನ್ಯಾಕೆ ನಿಲ್ಲಿಸ್ದೆ?"

"ಎರಡಕ್ಕೂ ಒಂದೇ ದಿನ, ಒಂದೇ ಥರದ ಪೈಪ್ ಹಾಕಿದ್ದು ಸರ್. ನಂದೂ ಬಿರಿಯಲ್ಲ ಅಂತ ಯಾರು ಹೇಳ್ತಾರೆ?"

"ಬಿರೀಲಿಲ್ವಲ್ಲ! ಇದನ್ನೇ ಒತ್ತಡ ತಡ್ಕೊಳ್ಳೋಕೆ ಆಗದೇ ಇರೋದು ಅಂತಾರೆ. ಸರಿ, ಮುಂದಿನ ವರ್ಷ ಮೊದಲನೇ ಕಾರು ಗಿಣಿಗೆ."

ಕಣ್ಣೆದುರಿಗೇ ಒಬ್ಬನ ಜೀವ ಉಳಿದಿತ್ತು. ಯಜಮಾನರು ಕಳೆದುಹೋದ ಸ್ಥಾನ ಎಣಿಸುತ್ತಿದ್ದರು. ಅಕ್ಕ ಮೇಲುಡುಗೆಯ ಗುಂಡಿ ಬಿಚ್ಚಲು ಶುರು ಮಾಡಿದಳು, ಅಲ್ಲೇ ಬಿಟ್ಟು ಹೋಗುವವಳ ಹಾಗೆ. ಎಳೆದ ರಭಸಕ್ಕೆ ಒಂದು ಗುಂಡಿ ಕಿತ್ತೇ ಬಂತು. ಅದನ್ನು ಬೇಕಾದರೆ ಒತ್ತಡ ಎನ್ನಿ.

"ಬೇಡ" ಎಂದ ಗಿಣಿ.

ಎಲ್ಲರೂ ಮುಂದಿನ ಮಾತಿಗೆ ಕಾದರು. ಗಿಣಿಯ ಮಾತು ಒಂದೇ ಪದಕ್ಕೆ ನಿಂತದ್ದೇ ಇಲ್ಲ.

"ಬೇಡ ಅಂದ್ರೆ?" ಎಂದರು ಯಜಮಾನರು.

"ಬೇಡ ಸರ್, ಮೊದಲನೇ ಕಾರು ನಂಗೆ ಬೇಡ. ಅಕ್ಕ ಮುಂದೆ ಇದ್ರೆ ನಾನು ಎರಡನೇದು ಓಡಿಸ್ತೀನಿ. ಇಲ್ದಿದ್ರೆ ಅದೂ ಬೇಡ. ನೀವು ಹೇಳಿದ ಹಾಗೆ ಮೆತ್ತಗೆ ಮಾತಾಡಿದೆ ಸರ್. ಎಲ್ಲಿಗೆ ಬಂತು ನೋಡಿದ್ರಲ್ಲ."

ಮೇಷ್ಟ್ರು ಕಿವಿಯ ಮೇಲಿದ್ದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಹಾಗೇ ಹೋಗು ಅಂತ ಅವನಿಗೆ ಹೇಳಿದ್ದು ಈ ಬಾಯಿ. ಇನ್ನು ನಾನೂ ಈ ರೇಡಿಯೋ ಮುಟ್ಟಲ್ಲ" ಎಂದರು. ಹಿಂದಿನ ದಿನ ಕಾರಿನ ಕೆಳಗೆ ನುಸುಳಿದ್ದ ಮೆಕ್ಯಾನಿಕ್ ಬಂದು ಅವರ ಪಕ್ಕದಲ್ಲಿ ನಿಂತ.

ಯಜಮಾನರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾರೂ ತಲೆ ತಗ್ಗಿಸಲಿಲ್ಲ. ಕರವಸ್ತ್ರದಿಂದ ಕತ್ತು ಒರೆಸಿಕೊಂಡು, ಅದನ್ನು ಕುರ್ಚಿಗೆ ಹಾಸಿ ಕೂತು, ಅಕ್ಕನ ಕಡೆ ತಿರುಗಿದರು.

"ಹಾಗಾದ್ರೆ ನೀನೇ ಹೇಳಮ್ಮ. ಮುಂದಿನ ವರ್ಷ ಇದನ್ನೆಲ್ಲ ತಡ್ಕೊತೀಯಾ?"

"ಇಲ್ಲ" ಎಂದಳು ಅಕ್ಕ. "ಈ ರೇಡಿಯೋ ಇಟ್ಕೊಂಡು ತಡ್ಕೊಳ್ಳಲ್ಲ. ಹೊಸದು ತನ್ನಿ. ಆಮೇಲೆ ಕಾರು ಹತ್ತೀನಿ."

ಯಜಮಾನರು ಎದ್ದು, ಕರವಸ್ತ್ರವನ್ನು ಕುರ್ಚಿಯ ಮೇಲೇ ಮರೆತು ಹೋದರು. ತಪ್ಪಾಯಿತು ಎಂದು ಅವರು ಆಗಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಆದರೆ ಅವರ ಕಾರು ಓಡಿಸಲು ಬೇರೆ ಯಾರೂ ಇರಲಿಲ್ಲ. ಹೊಸ ಋತುವಿಗೆ ಮುಂಚೆ ಶೆಡ್ಡಿಗೆ ಹೊಸ ರೇಡಿಯೋ ಬಂತು.

ಪರೀಕ್ಷೆಯ ದಿನ ಅಕ್ಕ ಮೊದಲನೆಯ ಕಾರಿನಲ್ಲಿ ಕೂತು ಟ್ರ್ಯಾಕಿನ ಆ ತುದಿಯವರೆಗೆ ಹೋದಳು. ಮೇಷ್ಟ್ರು ಕೇಳಿದರು: "ಮರಿ, ನನ್ನ ಮಾತು ಕೇಳಿಸ್ತಾ ಇದೆಯಾ?"

"ಕೇಳಿಸ್ತಾ ಇಲ್ಲ ಮೇಷ್ಟ್ರೇ."

ಇಲ್ಲವೂ ಬಂತು, ಮೇಷ್ಟ್ರೂ ಬಂದರು, ಅದರ ಹಿಂದೆ ಅವಳು ಅದುಮಿಟ್ಟ ನಗುವೂ ಬಂತು. ಶೆಡ್ಡಿಗೆ ಶೆಡ್ಡೇ ಚಪ್ಪಾಳೆ ತಟ್ಟಿತು.

ಬೀದಿಯವರು ಮಾತ್ರ ಬದಲಾಗಿಲ್ಲ. ಮೊನ್ನೆ ಎದುರು ಮನೆಯ ಅತ್ತೆ ಮತ್ತೆ ಮಹಡಿಯಿಂದ ಕೂಗಿದರು: "ಏನಂತೆ, ಈ ವರ್ಷವಾದ್ರೂ ಒತ್ತಡ ತಡ್ಕೊತಾಳಂತಾ ನಿಮ್ಮ ಹುಡುಗಿ?"

ಅಮ್ಮ ಯಂತ್ರ ನಿಲ್ಲಿಸದೆ ಕಿಟಕಿಯಿಂದಲೇ ಕೂಗಿದಳು: "ನೀವು ಕೇಳೋದನ್ನೇ ಒಂದು ವರ್ಷದಿಂದ ತಡ್ಕೊಂಡಿದ್ದಾಳಲ್ಲ, ಅಷ್ಟು ಸಾಲದಾ?"